ಕುತ್ತಿಗೆಯ ಕೀಲಿ ಮತ್ತು ಹತ್ತು ಪದಗಳು

ಆಯುಷ್ಯದ ಮುಕ್ಕಾಲು ಪಾಲು ಸರ್ಕಾರಗಳನ್ನು ನಡುಗಿಸುತ್ತ ಕಳೆದವನು ನಾನು (ಸರ್ಕಾರಗಳಿಗೆ ಈ ವಿಷಯ ಗೊತ್ತಾಗಿಲ್ಲದಿರಬಹುದು, ಅದು ಬೇರೆ ಮಾತು). ಅಂಥ ನನ್ನ ಮೇಲೆ ನನ್ನ ಮನೆಯಲ್ಲೇ ಅಕ್ರಮ ಬಂಧನದ ಆರೋಪ ಬಂತು. ಹೊರಿಸಿದವಳು ಸ್ವಂತ ಹೆಂಡತಿ.

ಆದದ್ದಿಷ್ಟೆ. ಬೆಳಿಗ್ಗೆ ಪೇಪರ್ ತರಲು ಹೊರಟವನು ಅಭ್ಯಾಸಬಲದಿಂದ ಹೊರಗಿನಿಂದ ಬೀಗ ಹಾಕಿಕೊಂಡು ಹೋದೆ. ಒಳಗೆ ಸ್ನಾನ ಮಾಡುತ್ತಿದ್ದ ಹೆಂಡತಿ ಮಧ್ಯಾಹ್ನದವರೆಗೆ ಒಳಗೇ ಇದ್ದಳು. ನಾನು ಪಾರ್ಕಿನಲ್ಲಿ ಕೂತು ದೇಶದಲ್ಲಿ ಸ್ವಾತಂತ್ರ್ಯ ಹೇಗೆ ಕಡಿಮೆಯಾಗುತ್ತಿದೆ ಎಂದು ಒಬ್ಬ ನಿವೃತ್ತ ಗುಮಾಸ್ತನಿಗೆ ವಿವರಿಸುತ್ತಿದ್ದೆ.

"ಆ ಕೀಲಿ ಇತ್ತ ಕೊಡ್ರಿ. ಇನ್ನು ಮೇಲೆ ನೀವು ಒಬ್ಬರೇ ಹೊರಗೆ ಹೋಗೋದು ಬೇಡ" ಎಂದಳು.

ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. "ಈ ವಯಸ್ಸಿಗೆ ಎಲ್ಲರಿಗೂ ಮರೆವು ಬರತ್ತೆ ಕಣೇ!"

"ಹೌದಾ? ಹಾಗಾದ್ರೆ ನಿಮ್ಮ ದಂಡನ್ನ ಕರೆಸಿ, ನೋಡೋಣ. ಅವರಿಗೂ ಮರೆವಿದ್ರೆ ಇದು ವಯಸ್ಸು. ಇಲ್ಲದಿದ್ರೆ ಇದು ನೀವು."

ಅಂಚೆ ಕಚೇರಿಯ ಕೌಂಟರಿನಲ್ಲಿ ಬಾಳು ಸವೆಸಿದವಳ ಮಾತು. ಮುದ್ರೆ ಒತ್ತಿದ ಹಾಗೆಯೇ ಬೀಳುತ್ತದೆ.

ಭಾನುವಾರ ಸಂಜೆ ದಂಡು ಬಂತು. ದಂಡೆಂದರೆ ನಮ್ಮ ಹಳೆಯ ಚಳವಳಿಯವರಲ್ಲಿ ಉಳಿದಿರುವ ಮೂವರು. ಲಾಠಿ ಬಿದ್ದ ತಲೆಗಳಿಗೆಲ್ಲ ಹೊಲಿಗೆ ಹಾಕಿದ ನರ್ಸಕ್ಕ. ಊರಿನ ಗೋಡೆಗಳ ಮೇಲೆಲ್ಲ ಘೋಷಣೆ ಬರೆದ ಬ್ರಷ್ಷು. ಪಿಸುಮಾತಾಡಿದರೂ ಪಕ್ಕದ ಬೀದಿಯ ಮಗು ಎದ್ದು ಕೂರುತ್ತಿದ್ದ ಗಂಟಲಿನ ಮೈಕು. ಮೂವರೂ ಸೋಲುತ್ತಾರೆಂಬ ಭರವಸೆ ನನಗಿತ್ತು. ಮೈಕು ನಮ್ಮ ಮನೆಯ ಮೆಟ್ಟಿಲು ಹತ್ತುವಾಗಲೇ ತನ್ನ ಕನ್ನಡಕ ಹುಡುಕುತ್ತಿದ್ದ. ಅದು ಅವನ ಮೂಗಿನ ಮೇಲಿತ್ತು.

ವೈಜ್ಞಾನಿಕ ಪ್ರಯೋಗವೆಂದ ಮೇಲೆ ಗಾಂಭೀರ್ಯ ಬೇಡವೆ? ಗಮನ ಚದುರದಿರಲೆಂದು ಪರದೆ ಎಳೆದೆ. ಮುಖಭಾವ ಕಾಣಲೆಂದು ಮೇಜಿನ ದೀಪವನ್ನು ಅವರತ್ತ ತಿರುಗಿಸಿದೆ. ಕಾಗದ, ಪೆನ್ಸಿಲು ಹಿಡಿದು ಎದುರಿಗೆ ಕೂತೆ.

"ಹತ್ತು ಪದ ಹೇಳ್ತೀನಿ. ಆಮೇಲೆ ಕೇಳ್ತೀನಿ. ಅಷ್ಟೆ."

ಕೊಡೆ, ಬಕೆಟ್ಟು, ಹುಲಿ, ಸಾಬೂನು, ಏಣಿ, ಕನ್ನಡಿ, ಗುಬ್ಬಿ, ಸೂಜಿ, ಕಂಬಳಿ, ಗಂಟೆ. ನಿಧಾನವಾಗಿ, ಪ್ರಮಾಣವಚನ ಬೋಧಿಸುವವನಂತೆ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಹೇಳಿ, ನಾನು ಏನೇನು ಹೇಳಿದೆ?" ಎಂದೆ.

ನರ್ಸಕ್ಕನ ಮುಖದಿಂದ ಯಾರೋ ಬಟ್ಟೆಯಲ್ಲಿ ಒರೆಸಿದಂತೆ ನಗು ಹೋಯಿತು.

"ಇಲ್ಲಿ ಯಾರೂ ಏನೂ ಹೇಳಲಿಲ್ಲ."

"ಅಕ್ಕಾ, ಒಂದಾದ್ರೂ?"

"ಯಾರೂ ಏನೂ ಹೇಳಲಿಲ್ಲ."

ಬ್ರಷ್ಷಿನ ಕಡೆ ತಿರುಗಿದೆ. "ನಾನು ಈಗ ತಾನೆ ಬಂದೆ" ಎಂದ. ಅವನು ಬಂದು ನನ್ನ ಬಿಸ್ಕತ್ತಿನ ಡಬ್ಬಿಯ ತಳ ಕಂಡಾಗಿತ್ತು.

ಮೈಕು ಹುಟ್ಟಿದ ಮೇಲೆ ಮೊದಲ ಸಲ ಸಣ್ಣ ದನಿಯಲ್ಲಿ ಮಾತಾಡಿದ: "ನೀವು ಯಾರು ಅಂತಾನೇ ನನಗೆ ಗೊತ್ತಿಲ್ಲ."

ನಾನು ಗಹಗಹಿಸಿ ನಕ್ಕೆ. ಜೊತೆಗೆ ಯಾರೂ ನಗಲಿಲ್ಲ. ಒಬ್ಬನೇ ನಗುವುದು ಎಷ್ಟು ಕೆಟ್ಟ ಸದ್ದೆಂದು ಅವತ್ತು ಗೊತ್ತಾಯಿತು, ಅರ್ಧಕ್ಕೆ ನಿಲ್ಲಿಸಿದೆ. ಮೂವರೂ ನನ್ನ ಎಡ ಭುಜದ ಮೇಲಿಂದ ಹಿಂದಿನ ಗೋಡೆಯ ಒಂದೇ ಜಾಗವನ್ನು ನೋಡುತ್ತಿದ್ದರು. ರೆಪ್ಪೆ ಮಿಟುಕಿಸುತ್ತಿರಲಿಲ್ಲ. ನಿಧಾನವಾಗಿ ತಿರುಗಿ ನೋಡಿದೆ. ಅಲ್ಲಿ ಒಂದು ಖಾಲಿ ಮೊಳೆ. ಅದರಲ್ಲಿ ಯಾವ ಫೋಟೋ ತೂಗುತ್ತಿತ್ತೆಂದು ನೆನಪಾಗಲಿಲ್ಲ.

ಇನ್ನೊಮ್ಮೆ ಹತ್ತೂ ಪದ ಹೇಳಿದೆ, ಗಟ್ಟಿಯಾಗಿ. ಅದೇ ಮುಖ, ಅದೇ ಮೊಳೆ, ಅದೇ ಮೂರು ಉತ್ತರ, ಒಂದಕ್ಷರ ಆಚೀಚೆಯಿಲ್ಲ.

ಸೋತವರು ಹೀಗೆ ಸೋಲುವುದಿಲ್ಲ. "ಅಯ್ಯೋ, ಬಾಯಲ್ಲೇ ಇದೆ" ಅನ್ನುತ್ತಾರೆ, ಹುಲಿಗೆ ಇಲಿ ಅನ್ನುತ್ತಾರೆ. ಇವರಿಗೆ ನಾನು ಮಾತಾಡಿದ್ದೇ ಕೇಳಿಸಿರಲಿಲ್ಲ. ನಾನು ನಿಜಕ್ಕೂ ಮಾತಾಡಿದ್ದೆನೆ? ಬಾಯಿ ಮಾತ್ರ ಆಡಿತೆ?

"ಏ ಇವಳೇ, ನಾನು ಹೇಳಿದ್ದು ನಿನಗೆ ಕೇಳಿಸ್ತಾ?" ಎಂದು ಅಡುಗೆಮನೆಗೆ ಕೂಗಿದೆ. ನಲ್ಲಿಯ ನೀರು ಬೀಳುವ ಸದ್ದೊಂದೇ ಬಂತು. ಬೆಕ್ಕು ನನ್ನ ಕಾಲ ಹತ್ತಿರವೇ ಹಾದು ಹೋಯಿತು, ಅಲ್ಲಿ ಕುರ್ಚಿ ಮಾತ್ರ ಇರುವಂತೆ. (ಅದು ಎಂದಿಗೂ ನನ್ನನ್ನು ಲೆಕ್ಕಕ್ಕಿಟ್ಟಿಲ್ಲ, ಆದರೂ ಇವತ್ತೇ ಹೀಗೆ ಮಾಡಬೇಕಿತ್ತೆ?) ಮೇಜಿನ ಕೆಳಗೆ ಕೈಯಿಟ್ಟು ನನ್ನ ನಾಡಿ ಹಿಡಿದು ನೋಡಿಕೊಂಡೆ. ಹೊಡೆದುಕೊಳ್ಳುತ್ತಿತ್ತು, ಸ್ವಲ್ಪ ಜಾಸ್ತಿಯೇ.

ಅಷ್ಟರಲ್ಲಿ ಹೆಂಡತಿ ಟೀ ತಂದಳು. ದೀಪ ಆರಿಸಿದಳು, ಪರದೆ ಸರಿಸಿದಳು. ತಟ್ಟೆ ಚಾಚುತ್ತ, "ಏನಕ್ಕಾ, ಇವರು ಅದೇನೋ ಬಕೆಟ್ಟು ಗಿಕೆಟ್ಟು ಅಂತ ಬಡ್ಕೋತಿದ್ರಲ್ಲ?" ಎಂದಳು.

"ಬಕೆಟ್ಟು ಎರಡನೇದಮ್ಮ, ಮೊದಲು ಕೊಡೆ" ಎಂದಳು ನರ್ಸಕ್ಕ. ಆಮೇಲೆ ಮೂವರೂ ಮೆರವಣಿಗೆಯಲ್ಲಿ ಹೋಗುವವರಂತೆ ಒಂದೇ ದನಿಯಲ್ಲಿ, ಹುಲಿ, ಸಾಬೂನು, ಏಣಿ, ಗಂಟೆಯವರೆಗೂ ಬಿಡದೆ ಹೇಳಿದರು. ಮೈಕಿನ ಗಂಟಲು ಮರಳಿ ಬಂದಿತ್ತು. ಕಪ್ಪುಗಳು ಗಲಗಲ ಎಂದವು.

"ಥೂ ನಿಮ್ಮ! ಮತ್ತೆ ನನ್ನ ಜೀವ ಯಾಕ್ರಯ್ಯಾ ತಿಂದ್ರಿ?"

ಬ್ರಷ್ಷಿಗೆ ಆಶ್ಚರ್ಯ. "ನೀನೇ ಕಲಿಸಿದ್ದಲ್ವೇನಯ್ಯಾ! ಪರದೆ ಎಳೆದ ಕೋಣೆ, ಮುಖಕ್ಕೆ ದೀಪ, ಎದುರಿಗೆ ಕಾಗದ ಪೆನ್ಸಿಲು. ಹಂಗೆ ಕೂತು ಕೇಳೋನು ಹೆತ್ತಪ್ಪನಾದ್ರೂ ಬಾಯಿ ಬಿಡಬಾರದು. ಗೋಡೇಲಿ ಒಂದು ಜಾಗ ಹಿಡ್ಕೊಂಡು ಅದನ್ನೇ ನೋಡ್ತಾ ಇರಬೇಕು. ಯಾರೂ ಏನೂ ಹೇಳಲಿಲ್ಲ, ಈಗ ತಾನೆ ಬಂದೆ, ನೀವು ಯಾರೋ ಗೊತ್ತಿಲ್ಲ."

"ಮುಷ್ಕರದ ವರ್ಷ, ಗಿರಣಿ ಗೋದಾಮಿನಲ್ಲಿ" ಎಂದಳು ನರ್ಸಕ್ಕ. "ಪೊಲೀಸರ ವೇಷ ಹಾಕ್ಕೊಂಡು ಒಂದು ವಾರ ಅರೆದಿದ್ದೀಯ ಕಣೋ ನಮ್ಮನ್ನ. ಅದು ಇನ್ನೂ ನೆನಪಿದೆಯೋ ಇಲ್ವೋ ಅಂತ ಪರೀಕ್ಷೆ ಮಾಡ್ತಿದ್ದೀಯ ಅಂದ್ಕೊಂಡ್ವಿ. ಪಾಸಾದ್ವಿ ತಾನೆ?"

"ಅದನ್ನ ಇವನು ಮರೀತಾನಾ!" ಎಂದ ಮೈಕು.

ನಾನು ತಲೆಯೊಳಗೆಲ್ಲ ಗೋದಾಮನ್ನು ಹುಡುಕಿದೆ. ಗಿರಣಿ ಸಿಕ್ಕಿತು, ಗೇಟು ಸಿಕ್ಕಿತು. ಅದರಾಚೆ ಒಂದು ಬಾಗಿಲಿತ್ತು. ಯಾರೋ ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿದ್ದರು.

ಹೆಂಡತಿ ಟೀ ತಟ್ಟೆ ಕೆಳಗಿಟ್ಟು ಅಂಗೈ ಚಾಚಿದಳು. "ಕೀಲಿ."

ನಾನು ಬೆನ್ನು ನೆಟ್ಟಗೆ ಮಾಡಿ, ಗೋಡೆಯ ಮೊಳೆಯ ಮೇಲೆ ಕಣ್ಣು ನೆಟ್ಟು ಹೇಳಿದೆ: "ಯಾವ ಕೀಲಿ? ನಾನು ಈಗ ತಾನೆ ಬಂದೆ. ನೀವು ಯಾರು ಅಂತಾನೇ ನನಗೆ ಗೊತ್ತಿಲ್ಲ."

ದಂಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೈಕು ಟೀ ಚೆಲ್ಲಿದ. ಹೆಂಡತಿ ಮಾತ್ರ ನಗಲಿಲ್ಲ. ಬಗ್ಗಿ ನನ್ನ ಮುಖವನ್ನೇ ನೋಡಿದಳು.

"ಏನ್ರೀ, ಈಗ ಅದನ್ನ ತಮಾಷೆಗೆ ಅಂದ್ರಾ? ನಿಜವಾಗ್ಲೂ ಅಂದ್ರಾ?"

ನಗು ನಿಂತಿತು. ಮೂವರೂ ಈ ಸಲ ಗೋಡೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ದಾರವನ್ನು ತಲೆಯ ಮೇಲಿಂದ ತೆಗೆದು ಅವಳ ಅಂಗೈಯಲ್ಲಿಟ್ಟೆ. ಉತ್ತರ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.