ಮುಂಡಿಗೆಕೇರಿ ಕೊಂಡವಾಡದ ಹಸಿರು ದನ

ಇಂದ:
ಅಖ್ತರ್ ಸಾಬ್, ತಂದೆ ಶೌಕತ್ ಸಾಬ್,
ವಯಸ್ಸು ಇಪ್ಪತ್ತೈದು,
ಶಿರಸಿ–ಸಿದ್ದಾಪುರ ಸರ್ವಿಸ್ ಮೋಟಾರಿನ ಡ್ರೈವರ್, ಮೊಕ್ಕಾಂ ಶಿರಸಿ.
(ಸರಕಾರಿ ದಾಖಲೆಯ ಪ್ರಕಾರ: ಕರು. ಕಲಮು 3 ನೋಡಬೇಕಾಗಿ ವಿನಂತಿ.)

ಗೆ:
ಕೊಂಡವಾಡ ತಪಾಸಣೆಯ ಸಾಹೇಬರು, ಕ್ಯಾಂಪು ಸಿದ್ದಾಪುರ.

ತಾರೀಖು: 3 ಡಿಸೆಂಬರ್ 1936

ವಿಷಯ: ಇದೇ ತಿಂಗಳ 14ಕ್ಕೆ ಲಿಲಾವಾಗಲಿರುವ ಬೇವಾರಸಿ ಹಸಿರು ದನವನ್ನು ಅದರ ಕರುವಾದ ನನಗೆ ಬಿಟ್ಟುಕೊಡುವ ಬಗ್ಗೆ.

ಉಲ್ಲೇಖ: 1) ಕೊಂಡವಾಡದ ಬಾಗಿಲಿಗೆ ಅಂಟಿಸಿದ ಲಿಲಾವಿನ ನೋಟೀಸು. 2) ಕೊಂಡವಾಡದ ಬುಕ್ಕು, 1911, ಪುಟ 31. 3) ಮೋಟಾರು ಕೊಡಿಸಬೇಕೆಂಬ ನನ್ನ ಹಿಂದಿನ ಅರ್ಜಿ, ಮತ್ತು ಅದಕ್ಕೆ ತಮ್ಮ ಕಚೇರಿಯಿಂದ ಬಂದ ಉತ್ತರ: "ನಮ್ಮ ಬುಕ್ಕಿನಲ್ಲಿ ಮೋಟಾರು ಇಲ್ಲ."

ಮಾನ್ಯರೇ,

1. ತಾವು ಈ ಸೀಮೆಗೆ ಹೊಸಬರಾದ ಕಾರಣ ನಮ್ಮ ಮನೆತನದ ಅಪಖ್ಯಾತಿಯನ್ನು ಬೇರೆಯವರು ತಿಳಿಸುವ ಮೊದಲು ನಾನೇ ತಿಳಿಸುತ್ತೇನೆ. ನನ್ನ ತಂದೆಯನ್ನು ಶಿರಸಿ ಪೇಟೆಯವರು ಬುರುಡೆ ಶೌಕತ್ ಎಂದು ಕರೆಯುತ್ತಿದ್ದರು. ಈ ಕಡೆ ಯಾರೂ ಮೋಟಾರಿನ ಮುಖ ಕಾಣದ ಕಾಲದಲ್ಲಿ ತಾನೊಂದು ಹಸಿರು ಮೋಟಾರು ಓಡಿಸುತ್ತಿದ್ದೆನೆಂದೂ, ತನ್ನ ಮಗ ಹುಟ್ಟಿದ್ದು ಅದರ ಹಿಂದಿನ ಸೀಟಿನ ಮೇಲೆಂದೂ ಅವರು ಚಹದಂಗಡಿಯಲ್ಲಿ ಕೂತು ಹೇಳುತ್ತಿದ್ದರು. ಆ ಮೋಟಾರು ಈಗೆಲ್ಲಿದೆ ಎಂದು ಯಾರಾದರೂ ಕೇಳಿದರೆ ಮಾತ್ರ ಚಹವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಿದ್ದರು. ಆದ್ದರಿಂದ ಆ ಹೆಸರು ಖಾಯಂ ಆಯಿತು. ಐದು ವರ್ಷದ ಹಿಂದೆ ಅವರು ತೀರಿಕೊಂಡಾಗ ಹೆಗಲು ಕೊಡಲು ಬಂದವನೊಬ್ಬ, ಬುರುಡೆಯಾದರೂ ಒಳ್ಳೆಯ ಮನುಷ್ಯ ಎಂದ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಕಾರಣ, ನಾನೂ ನಂಬಿರಲಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ, ಸಾಹೇಬರೇ.

2. ಈ ವರ್ಷದ ಮಾರ್ಚ್ ತಿಂಗಳಲ್ಲಿ ಕಾನಸೂರು ದಾಟಿ ಎರಡು ಮೈಲಿಯ ಮೇಲೆ ನನ್ನ ಸರ್ವಿಸ್ ಮೋಟಾರಿನ ನೀರು ಕುದಿದು ಗಾಡಿ ನಿಂತಿತು. ಒಳಗಿದ್ದವರು ನನ್ನನ್ನೂ ಮೋಟಾರನ್ನೂ ಸಮನಾಗಿ ಬೈಯುತ್ತಿದ್ದರು. ನಾನು ಡಬ್ಬಿ ಹಿಡಿದು ಮುಂಡಿಗೆಕೇರಿಯಲ್ಲಿ ಪೈರು ಮೇಯ್ದ ದನಗಳನ್ನು ಕೂಡಿಹಾಕುವ ತಮ್ಮ ಕೊಂಡವಾಡದ ಬಾವಿಗೆ ಹೋದೆನು. ಅಲ್ಲಿ ಎರಡು ಎಮ್ಮೆ, ಒಂದು ಆಡು, ಒಂದು ಮೋಟಾರು ನಿಂತಿದ್ದವು. ಕೊಂಡವಾಡದ ಕಾವಲುಗಾರ ಕೆರಿಯಪ್ಪ, ಅರವತ್ತರ ಮುದುಕ, ಎಲ್ಲದರ ಮುಂದೆ ಒಂದೊಂದು ಕಟ್ಟು ಹುಲ್ಲು ಹಾಕುತ್ತ ಬಂದ. ಮೋಟಾರಿನ ಮುಂದೆಯೂ ಹಾಕಿದ. ಪಕ್ಕದ ಎಮ್ಮೆ ಕುತ್ತಿಗೆ ಚಾಚಿ ಅದನ್ನೂ ತಿಂದಿತು. ಕೆರಿಯಪ್ಪ ಕಂಡೂ ಕಾಣದವನಂತೆ ಬೀಡಿ ಹಚ್ಚಿದ.

ನನ್ನ ಡಬ್ಬಿ ಬಾವಿಗೆ ಬಿತ್ತು. ಅದು ಇನ್ನೂ ಅಲ್ಲಿಯೇ ಇದೆ. ಇದು ಮೋಟಾರಲ್ಲವೇ ಮಾರಾಯಾ ಎಂದು ಕೇಳಿದ್ದಕ್ಕೆ ಅವನು ಬೇಜಾರಿಲ್ಲದೆ ಉತ್ತರ ಕೊಟ್ಟ.

"ಮೋಟಾರು ಅಂತ ನಂಗೆ ಗೊತ್ತಿಲ್ವ ಸಾಬ್ರೆ? ಗೊತ್ತೈತೆ. ಬುಕ್ಕಿನಾಗೆ ಮೋಟಾರಿಗೆ ಜಾಗ ಇಲ್ಲ. ಗದ್ದೆಗೆ ಬಿದ್ದಿದ್ದು ದೊಡ್ಡಿಗೆ ಬರ್ಬೇಕು, ಬಂತು. ದೊಡ್ಡಿಗೆ ಬಂದಿದ್ದಕ್ಕೆ ಹುಲ್ಲು ಹಾಕ್ಬೇಕು, ಹಾಕ್ತೆ."

3. ಸದರಿ ಬುಕ್ಕಿನ 31ನೇ ಪುಟದ ನಕಲನ್ನು, ಒಂದಕ್ಷರ ಹೆಚ್ಚುಕಡಿಮೆ ಮಾಡದೆ, ಕೆಳಗೆ ಕೊಟ್ಟಿದೆ.

"ತಾರೀಖು: 4-11-1911. ಬಣ್ಣ: ಹಸಿರು. ಕೊಂಬು: ಇಲ್ಲ. ಬಾಲ: ಇಲ್ಲ. ಕಣ್ಣು: ಎರಡು, ಹಿತ್ತಾಳೆಯವು, ಮುಚ್ಚುವುದಿಲ್ಲ. ಕಾಲು: ನಾಲ್ಕು, ದುಂಡಗಿನವು. ಗುರುತು: ಕುತ್ತಿಗೆಯಲ್ಲಿ ಕಪ್ಪು ದಾರ, ಬೆಳ್ಳಿ ತಾಯಿತ. ಅಪರಾಧ: ಪಟೇಲರ ಗದ್ದೆಗೆ ಇಳಿದು ತೆನೆ ಬಂದ ಭತ್ತ ಮಲಗಿಸಿದ್ದು. ಮೇವು: ಹಾಕಿದ್ದು ಖರ್ಚಾಗುತ್ತಿದೆ. ಸಗಣಿ: ಹಾಕಿಲ್ಲ, ನಿಗಾ ಇಡಲಾಗಿದೆ. ಹಾಲು: ಕೆಳಗೆ ಕೈ ಹಾಕಿ ನೋಡಲಾಗಿ ಕಪ್ಪೆಣ್ಣೆ ಬಂದಿದ್ದು, ಗಾಡಿಯ ಅಚ್ಚಿಗೆ ಹಚ್ಚಲಾಗಿದೆ. ಜೊತೆಯ ಕರು: ಗಂಡು ಒಂದು, ಆರೋಗ್ಯವಾಗಿದೆ, ಸಿದ್ದಾಪುರದ ಕಡೆ ಹೋಗಿದೆ. ಕಾಯುವವನ ಹೆಸರು: —"

ಕೊನೆಯ ಕಾಲಮಿನಲ್ಲಿ ಏನೂ ಬರೆದಿಲ್ಲ. 4-11-1911 ನನ್ನ ಹುಟ್ಟಿದ ದಿನ.

4. ಕರುವಿನ ಬಗ್ಗೆ ಕೆರಿಯಪ್ಪ ಹೇಳಿದ್ದು ಹೀಗಿದೆ. ಆ ದಿನ ಮಧ್ಯಾಹ್ನ ಏರು ಹತ್ತುವಾಗ ಮೋಟಾರು ನಿಂತಿತು. ಒಳಗಿದ್ದ ಬಸುರಿಗೆ ನೋವು ಶುರುವಾಗಿತ್ತು. ಕೆರಿಯಪ್ಪನ ತಾಯಿ ನಾಗಿ ಓಡಿಹೋಗಿ ಹಿಂದಿನ ಸೀಟಿನ ಮೇಲೆಯೇ ಹೆರಿಗೆ ಮಾಡಿಸಿದಳು. ಬಾಣಂತಿಯನ್ನೂ ಕೂಸನ್ನೂ ಎತ್ತಿನ ಗಾಡಿಯಲ್ಲಿ ಮಲಗಿಸಿ ಸಿದ್ದಾಪುರಕ್ಕೆ ಕಳಿಸಿದರು. ಡ್ರೈವರನು ಚಕ್ರಕ್ಕೆ ಒಂದು ಕಲ್ಲು ಕೊಟ್ಟು ಗಾಡಿಯ ಹಿಂದೆ ಓಡಿದ. ಸಂಜೆಯೊಳಗೆ ಯಾವುದೋ ಎಮ್ಮೆ ಆ ಕಲ್ಲಿಗೆ ಮೈ ತಿಕ್ಕಿತು. ಮೋಟಾರು ಹಿಂದುಹಿಂದಕ್ಕೆ ಇಳಿದು ಪಟೇಲರ ಗದ್ದೆ ಸೇರಿತು.

ಪೈರು ಹಾಳು ಮಾಡಿದ್ದು ಯಾವುದೇ ಇರಲಿ, ಕೊಂಡವಾಡಕ್ಕೆ ಹಾಕಿ ಎಂದು ಪಟೇಲರು ಹಟ ಹಿಡಿದರು. ನಾಲ್ಕು ಜೋಡಿ ಎತ್ತು ಕಟ್ಟಿ ಎಳೆದು ತಂದರು. ಶಾನುಭೋಗರು ಅಚ್ಚಾದ ಬುಕ್ಕು ತೆರೆದು ಒಂದೊಂದೇ ಕಾಲಮನ್ನು ಗಟ್ಟಿಯಾಗಿ ಓದಿ ಕೇಳಿದರು. ಉತ್ತರ ಕೊಟ್ಟವಳು ನಾಗಿ. ಜೊತೆಗೆ ಕರು ಇದೆಯೇ ಎಂದದ್ದಕ್ಕೆ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಅವಳು, ಗಂಡು ಒಂದು, ನಾನೇ ಹೊಕ್ಕುಳು ಕೊಯ್ದೆ ಎಂದಳು. ಪಟೇಲರು, ಶಾನುಭೋಗರು, ನಾಗಿ ಮೂವರೂ ಈಗಿಲ್ಲ. ಕಾರಣ ಕರುವಾದ ನಾನೇ ಸಾಕ್ಷಿ ಹೇಳಬೇಕಾಗಿ ಬಂದಿದೆ.

5. ಮೋಟಾರಿನಲ್ಲಿದ್ದ ಆ ತಾಯಿತವನ್ನು ಬಿಚ್ಚಿ ತಂದು ನನ್ನ ತಾಯಿ ಬಿಸ್ಮಿಲ್ಲಾ ಬಿಯ ಕೈಯಲ್ಲಿಟ್ಟೆನು. ಆಕೆ ಅದನ್ನು ಮೂಸಿ ನೋಡಿ ತನ್ನದೇ ಎಂದಳು. ಇಪ್ಪತ್ತೈದು ವರ್ಷ ಗಂಡನಿಗೆ ಕೊಟ್ಟ ಭಾಷೆಯಿಂದ ಬಾಯಿ ಕಟ್ಟಿಕೊಂಡಿದ್ದವಳು ಅಂದು ಎಲ್ಲವನ್ನೂ ಹೇಳಿದಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆಕೆಯ ತವರು ಸಿದ್ದಾಪುರ. ನನ್ನ ತಂದೆ ಆಗ ಯಲ್ಲಾಪುರದಲ್ಲಿ ಸಾಗವಾನಿ ವ್ಯಾಪಾರದ ಹಾಲ್ಡನ್ ಸಾಹೇಬನ ಡ್ರೈವರ್. ಸಾಹೇಬ ಬೆಳಗಾವಿಗೆ ಹೋಗಿದ್ದ. ಎತ್ತಿನ ಗಾಡಿಯ ಕುಲುಕಾಟಕ್ಕೆ ಹೆದರಿ ನನ್ನ ತಂದೆ ಅವನನ್ನು ಕೇಳದೆ ಮೋಟಾರು ತೆಗೆದರು. ಕೆಟ್ಟ ದೃಷ್ಟಿ ತಾಗದಿರಲೆಂದು ನನ್ನ ತಾಯಿ ತನ್ನ ತಾಯಿತ ಬಿಚ್ಚಿ ಅದರ ಸ್ಟಿಯರಿಂಗಿಗೆ ಕಟ್ಟಿದಳು.

ಮೂರನೆಯ ದಿನ ತಂದೆಯವರು ಮುಂಡಿಗೆಕೇರಿಗೆ ಬಂದು ಬೇಲಿಯ ಮೇಲಿಂದ ಇಣುಕಿದರು. ಬಿಡಿಸಿಕೊಳ್ಳಲು ಬುಕ್ಕಿನಲ್ಲಿ ಹೆಸರು ಬರೆಸಿ ಸಹಿ ಹಾಕಬೇಕಿತ್ತು. ಹಾಕಿದರೆ ಸಾಹೇಬನಿಗೆ ತಿಳಿದು ಜೈಲು ಎಂದುಕೊಂಡು ಬಂದ ದಾರಿಯಲ್ಲೇ ತಿರುಗಿದರು. ಸಾಹೇಬ ಬೆಳಗಾವಿಯಲ್ಲಿ ಜ್ವರ ಹಿಡಿದು ಅಲ್ಲಿಂದಲೇ ಮುಂಬಯಿಗೆ ಹೋಗಿ ಹಡಗು ಹತ್ತಿದವನು ಮತ್ತೆ ಬರಲಿಲ್ಲ. ಆದರೂ ಶಿರಸಿಯಲ್ಲಿ ಯಾವ ಬಿಳಿಯ ಕಂಡರೂ, ಶೌಕತ್, ಮೋಟಾರು ಎಲ್ಲಿ ಎಂದು ಕೇಳುತ್ತಾನೆಂದು ನನ್ನ ತಂದೆ ಇಪ್ಪತ್ತು ವರ್ಷ ಸಂದಿಯೊಳಗೆ ನುಗ್ಗಿ ನಿಲ್ಲುತ್ತಿದ್ದರು. ಓಡಿಸಿದ್ದನ್ನು ಹೇಳದಿರಲು ಅವರಿಂದ ಆಗಲಿಲ್ಲ, ಎಲ್ಲಿದೆಯೆಂದು ತೋರಿಸಲೂ ಆಗಲಿಲ್ಲ.

6. ಮೋಟಾರಿನ ಮೂಲವನ್ನು ಶೋಧಿಸಿದ ಬಗೆ: ಅದರ ಮೈಮೇಲಿದ್ದ ಮಣ್ಣನ್ನು ಮೂಗಿನ ಹತ್ತಿರ ಸ್ವಲ್ಪ ಕೆರೆಯಲಾಗಿ ಹಿತ್ತಾಳೆ ತಗಡಿನ ಮೇಲೆ ಆರ್ಡೆನ್‌ಶಾ ಎಂಬ ಕಾರಖಾನೆಯ ಹೆಸರು, ಊರು, ನಂಬರು 7 ಎಂದು ಕಂಡಿತು. ಶಿರಸಿಯ ಹೈಸ್ಕೂಲು ಮಾಸ್ತರರಿಂದ ಇಂಗ್ಲಿಷಿನಲ್ಲಿ ಪತ್ರ ಬರೆಸಿ ವಿಲಾಯತಿಗೆ ಹಾಕಿದೆನು. ಜುಲೈಯಲ್ಲಿ ಉತ್ತರ ಬಂತು. ಕಾರಖಾನೆ ಮುಚ್ಚಿ ಬಹಳ ಕಾಲವಾಗಿದೆ. ಅಂಥವು ಒಟ್ಟು ಒಂಬತ್ತೇ ಮಾಡಿದ್ದು. ಎಂಟು ಗುಜರಿಗೆ ಹೋದವು. ಏಳನೆಯದು ಹಾಲ್ಡನ್ನರಿಗೆಂದು ಮುಂಬಯಿಗೆ ಹಡಗು ಹತ್ತಿತ್ತು ಎಂದು ಅಲ್ಲಿಯ ಹಳೆಯ ಗುಮಾಸ್ತ ಬರೆದು, ಹಾಲ್ಡನ್ನರ ತಂಗಿಯ ವಿಳಾಸ ಕೊಟ್ಟು, ಲೋಕದಲ್ಲಿ ಉಳಿದ ಆ ಒಂದು ಮೋಟಾರು ಯಾವ ಸ್ಥಿತಿಯಲ್ಲಿದೆ ಎಂದು ಕೇಳಿದ್ದ. ಹುಲ್ಲು ತಿನ್ನುತ್ತ ಆರೋಗ್ಯವಾಗಿದೆ ಎಂದು ಉತ್ತರಿಸಿದ್ದೇನೆ. ಆ ಮೇಲೆ ಆತ ಬರೆದಿಲ್ಲ.

ತಂಗಿಯ ಪತ್ರ ಅಕ್ಟೋಬರಿನಲ್ಲಿ ಬಂತು. ಅಣ್ಣ ಊರು ಸೇರಿ ತಿಂಗಳೊಳಗೆ ತೀರಿಕೊಂಡನಂತೆ. ಮೋಟಾರು ಶೌಕತ್‌ನ ಮಗನೇ ಇಟ್ಟುಕೊಳ್ಳಲಿ ಎಂದು ಬರೆದು, ಅಣ್ಣನ ದಿನಚರಿಯಿಂದ ಒಂದು ಸಾಲು ನಕಲು ಮಾಡಿ ಕಳಿಸಿದ್ದಳು. ಮಾಸ್ತರರು ಅದನ್ನು ನಮ್ಮ ಜಗುಲಿಯ ಮೇಲೆ ಕನ್ನಡದಲ್ಲಿ ಓದಿದರು:

"ಶೌಕತ್‌ನ ಹೆಂಡತಿಗೆ ದಿನ ತುಂಬಿದೆ. ಮೋಟಾರಿನಲ್ಲಿಯೇ ತವರಿಗೆ ಬಿಟ್ಟು ಬಾ ಎಂದು ಹೇಳಬೇಕೆಂದಿದ್ದೆ. ಹೊರಡುವ ಗಡಿಬಿಡಿಯಲ್ಲಿ ಮರೆತೆ."

ನನ್ನ ತಾಯಿ ಮೂರು ಸಲ ಓದಿಸಿದಳು. ಹೇಳುವುದಕ್ಕೆ ಮರೆತದ್ದು ಅವನು, ಇಪ್ಪತ್ತು ವರ್ಷ ಜೈಲಿನಲ್ಲಿದ್ದದ್ದು ಇವರು ಎಂದು ಒಳಗೆ ಹೋದಳು. ನಾನು ಅತ್ತೆನು. ಅರ್ಜಿಯಲ್ಲಿ ಇಂಥದ್ದೆಲ್ಲ ಬರೆಯಬಾರದೆಂದು ಮಾಸ್ತರರ ಅಭಿಪ್ರಾಯ. ಆದರೆ ಅತ್ತದ್ದು ನಿಜವಾದ ಕಾರಣ ಬರೆದಿದ್ದೇನೆ.

7. ಈಗ ದನದ ಸದ್ಯದ ಆರೋಗ್ಯ. ತಮಗೆ ಆಶ್ಚರ್ಯವಾದೀತು, ಅದಕ್ಕೆ ತುಕ್ಕು ಹಿಡಿದಿಲ್ಲ! ಕಾರಣ, ದೀಪಾವಳಿಯ ದಿನ ಕೆರಿಯಪ್ಪ ಎಲ್ಲ ದನಗಳಿಗೂ ಕೆಮ್ಮಣ್ಣು, ಜೇಡಿ ಕಲಸಿ ಅಕ್ಕಿ ಅಳೆಯುವ ಸಿದ್ದೆಯ ಬಾಯಿ ಅದ್ದಿ ಮೈತುಂಬ ಉಂಗುರ ಒತ್ತುವಾಗ ಇದನ್ನೂ ಬಿಟ್ಟಿಲ್ಲ. ಅಡಿಕೆಯ ಸರ ಕಟ್ಟುವುದನ್ನೂ ಬಿಟ್ಟಿಲ್ಲ. ಇಪ್ಪತ್ತೈದು ದೀಪಾವಳಿಯ ಉಂಗುರಗಳು ಒಂದರ ಮೇಲೊಂದು ಕೂತು ಮೈಗೆ ಅಂಗಿ ತೊಡಿಸಿದಂತಾಗಿದೆ. ಅಲ್ಲದೆ ವರ್ಷಕ್ಕೊಮ್ಮೆ ದನಗಳಿಗೆ ಬಿದಿರಿನ ಗೊಟ್ಟದಲ್ಲಿ ಔಷಧದ ಎಣ್ಣೆ ಕುಡಿಸುವಾಗ ಇದರ ಕಂಡ ಕಂಡ ತೂತಿಗೆಲ್ಲ ಗೊಟ್ಟ ಇಟ್ಟು ಕುಡಿಸಿದ್ದಾನೆ. ಆದ್ದರಿಂದ ಎಂಜಿನ್ನಿನ ಒಳಗೆಲ್ಲ ಬೆಣ್ಣೆಯಂತೆ ನುಣುಪಾಗಿದೆ. ವಿಲಾಯತಿಯ ಎಂಟೂ ಮೋಟಾರುಗಳಿಗೆ ಒಬ್ಬ ಕೆರಿಯಪ್ಪ ಸಿಕ್ಕಿರಲಿಲ್ಲ, ಸತ್ತವು.

ನನ್ನ ರಜೆಯ ದಿನಗಳಲ್ಲೆಲ್ಲ ಅಲ್ಲಿಯೇ ಬಿದ್ದಿದ್ದೆನು. ಕೊಳೆತ ಟ್ಯೂಬು ತೆಗೆದು ಟಯರಿನೊಳಗೆ ಭತ್ತದ ಹುಲ್ಲು ತುಂಬಿದೆನು. ಹುಲ್ಲು ಕೊಟ್ಟದ್ದು ಕೆರಿಯಪ್ಪ, ಅದರ ಪಾಲಿನದೇ ಅಲ್ಲವೇ ಎಂದ. ದೀಪಾವಳಿಯ ಮರುದಿನ ಪೆಟ್ರೋಲು ಹಾಕಿ ಹ್ಯಾಂಡಲು ತಿರುವಿದೆನು. ಏಳನೆಯ ಸುತ್ತಿಗೆ ಒಮ್ಮೆ ಕೆಮ್ಮಿತು. ಎಂಟನೆಯದಕ್ಕೆ ಎದ್ದು ನಿಂತಿತು ಎಂದೇ ಹೇಳಬೇಕು! ಹೊಗೆಯೋ ಹೊಗೆ. ಆ ದಿನ ದೊಡ್ಡಿಯಲ್ಲಿದ್ದ ಎಮ್ಮೆಗಳು ಬೇಲಿ ಮುರಿದು ಓಡಿದವು, ಆಡೊಂದು ಬಾವಿಯ ಕಟ್ಟೆ ಹತ್ತಿತು. ಮುರಿದ ಬೇಲಿಯನ್ನು ನಾನೇ ಕಟ್ಟಿಕೊಟ್ಟಿದ್ದೇನೆ. ಕೆರಿಯಪ್ಪ ಮಾತ್ರ ನಿಂತಲ್ಲೇ ನಿಂತು ಮುಂಡಾಸು ತೆಗೆದು ಕಂಕುಳಲ್ಲಿಟ್ಟುಕೊಂಡ.

"ಕೂಗ್ತು ಸಾಬ್ರೆ," ಎಂದ. "ಇಷ್ಟು ವರ್ಷ ಸಾಕಿದ್ದೆ, ಒಂದ್ ಸಲನೂ ಕೂಗಿರ್ಲಿಲ್ಲ."

ನಾನು ನಗುತ್ತಿದ್ದೆನೋ ಕುಣಿಯುತ್ತಿದ್ದೆನೋ ಈಗ ನೆನಪಿಲ್ಲ. ಮೈತುಂಬ ಜೇಡಿ ಮೆತ್ತಿಕೊಂಡಿತ್ತು.

8. ಹೀಗಿರುವಾಗ ಲಿಲಾವಿನ ನೋಟೀಸು ಬಿತ್ತು. ವರ್ಷವರ್ಷವೂ ಈ ದನವನ್ನು ಲಿಲಾವಿನಲ್ಲಿ ಕೂಗುತ್ತಿದ್ದರು, ಉಳಲೂ ಬಾರದು, ಈಯಲೂ ಬಾರದು ಎಂದು ಯಾರೂ ಕೇಳುತ್ತಿರಲಿಲ್ಲ. ಈ ಸಲ ಎಕ್ಕಂಬಿಯ ಕಮ್ಮಾರ ದ್ಯಾಮಪ್ಪ ಬಂದು ಅದರ ಕೆಳಗೆ ಮಲಗಿ ಸ್ಪ್ರಿಂಗಿನ ಪಟ್ಟಿಗಳನ್ನು ಬೆರಳಿನಿಂದ ಬಾರಿಸಿ ನೋಡಿ, ಇಪ್ಪತ್ತು ಕತ್ತಿ ಬಡಿಯಬಹುದೆಂದು ಲೆಕ್ಕ ಹಾಕಿದ್ದಾನೆ. ನಾನು ಅವನ ಕಾಲು ಹಿಡಿಯುವುದೊಂದು ಬಾಕಿ. ಮನುಷ್ಯ ಕೆಟ್ಟವನಲ್ಲ.

"ನಿಮ್ಮ ದನ ಅಂತ ಬುಕ್ಕಿನಾಗ ಇದ್ರ ನಾ ಕೂಗಂಗಿಲ್ರಿ," ಎಂದ. "ಆದ್ರ ನಿಮ್ಮ ಹೆಸರು ಎಲ್ಲೈತ್ರಿ ಅದರಾಗ?"

ಹೆಸರಿಲ್ಲ, ಕರು ಎಂದಿದೆ ಎನ್ನುವ ಮಾತು ನನ್ನ ಬಾಯಿಂದ ತಾನಾಗಿ ಬಂತು. ಕೂಡಲೇ ಬುಕ್ಕಿನ ಹಿಂದಿನ ರಟ್ಟನ್ನು ತಿರುವಿದೆನು. ಅಲ್ಲಿ ಅಚ್ಚಾದ ಹನ್ನೊಂದನೆಯ ಷರತ್ತು: "ಕರುವುಳ್ಳ ದನವನ್ನು ಲಿಲಾವು ಮಾಡುವಾಗ ತಾಯಿಯನ್ನೂ ಕರುವನ್ನೂ ಬೇರೆ ಮಾಡತಕ್ಕದ್ದಲ್ಲ; ಎರಡನ್ನೂ ಕೂಡಿಸಿ ಒಂದೇ ಸವಾಲಿಗೆ ಕೂಗತಕ್ಕದ್ದು."

9. ಆದ್ದರಿಂದ, ತಮ್ಮ ಬುಕ್ಕಿನಲ್ಲಿ ಮೋಟಾರು ಇಲ್ಲವೆಂಬ ತಮ್ಮ ಉತ್ತರವನ್ನು ನಾನು ಪೂರ್ತಿಯಾಗಿ ಒಪ್ಪಿಕೊಂಡಿದ್ದೇನೆ. ಇರುವುದು ದನ. ಅದರ ಕರು ನಾನು. ಕಾರಣ, ತಾವು ದನವನ್ನು ಕರುವಿನ ವಶಕ್ಕೆ ಕೊಟ್ಟುಬಿಡಬೇಕು. ಅದು ಸಾಧ್ಯವಿಲ್ಲವಾದರೆ 14ನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ನನ್ನನ್ನೂ ಅದರ ಪಕ್ಕದಲ್ಲಿ ಕಟ್ಟಿ ಒಟ್ಟಿಗೆ ಕೂಗಬೇಕು. ಆ ದಿನಕ್ಕೆ ರಜೆ ಕೇಳಿದ್ದೇನೆ. ನನ್ನನ್ನೂ ಸೇರಿಸಿ ಕೊಳ್ಳಲು ದ್ಯಾಮಪ್ಪನಿಗೆ ಮನಸ್ಸಿಲ್ಲ, ಅವನ ಮನೆಯಲ್ಲಿ ಈಗಾಗಲೇ ಹತ್ತು ಜನ ಇದ್ದಾರೆ. ನನ್ನ ತಾಯಿಯಾದರೋ ಸವಾಲು ಕೂಗಲು ಸಿದ್ಧಳಿದ್ದಾಳೆ.

ಬಿಡುಗಡೆಯಾದಲ್ಲಿ ಸದರಿ ದನವು ಮೊದಲು ಸಿದ್ದಾಪುರಕ್ಕೆ ಹೋಗುವುದು. ನನ್ನ ತಾಯಿಯನ್ನು ತವರಿಗೆ ಬಿಡಲು ಹೊರಟದ್ದು ಅರ್ಧ ದಾರಿಯಲ್ಲಿ ನಿಂತಿದೆ, ಪೂರೈಸಬೇಕು. ಅಲ್ಲಿಂದ ತಿರುಗಿ ಶಿರಸಿ ಪೇಟೆಯಲ್ಲಿ ಚಹದಂಗಡಿಯ ಎದುರು, ಒಂದು ಚಹ ಪೂರ್ತಿ ಕುಡಿದು ಮುಗಿಸುವಷ್ಟು ಹೊತ್ತು ನಿಲ್ಲುವುದು.

ತಮ್ಮ ವಿಶ್ವಾಸಿ, ಹಾಗೂ ತಮ್ಮ ಬುಕ್ಕಿನ ಪುಟ 31ರ ಗಂಡು ಕರು,

ಅಖ್ತರ್ ಸಾಬ್

ಲಗತ್ತುಗಳು:
ಅ) ವಿಲಾಯತಿಯ ಎರಡು ಪತ್ರಗಳು, ಮಾಸ್ತರರ ಕನ್ನಡದೊಂದಿಗೆ.
ಆ) ದನದ ಮೈಯಿಂದ ಉದುರಿದ ಮಣ್ಣಿನ ಹೆಕ್ಕಳಿಕೆ ಒಂದು. ಅಡ್ಡ ಹಿಡಿದರೆ ಇಪ್ಪತ್ತೈದು ಪದರ ಎಣಿಸಬಹುದು, ಒಡೆಯದಂತೆ ನೋಡಿಕೊಳ್ಳಬೇಕು.
ಇ) ದನ ಸಾಧು, ಯಾರನ್ನೂ ಹಾಯ್ದಿಲ್ಲ ಎಂಬ ಬಗ್ಗೆ ಕೆರಿಯಪ್ಪನ ಹೆಬ್ಬೆಟ್ಟು.
ಈ) ತಾಯಿತದ ಚಿತ್ರ. ಮೂಲ ತಾಯಿತವನ್ನು ನನ್ನ ತಾಯಿ ಕೈಬಿಟ್ಟು ಕೊಡುತ್ತಿಲ್ಲ.

ಕೊನೆಯ ಬಿನ್ನಹ: ಮೇಲಿನ ಯಾವುದೂ ಮಂಜೂರಾಗದಿದ್ದರೂ ಇದೊಂದನ್ನು ನಡೆಸಿಕೊಡಬೇಕು. ಪುಟ 31ರಲ್ಲಿ "ಕಾಯುವವನ ಹೆಸರು" ಎಂಬ ಕಾಲಮು ಖಾಲಿ ಇದೆ. ಅದರಲ್ಲಿ ಸರಕಾರಿ ಶಾಯಿಯಿಂದ "ಶೌಕತ್ ಸಾಬ್, ಡ್ರೈವರ್" ಎಂದು ಬರೆಸಬೇಕು. ಅಳೆದು ನೋಡಿದ್ದೇನೆ, ಜಾಗ ಸಾಲುತ್ತದೆ.