ಪೊಮಾರ್ ಶೀಸೆಯ ಮಹಾಸಮರ

“ಮೂಗು ತೆಗೀಲೇ ಲೋಟದಿಂದ! ನೀ ಮೂಗಿಕ್ಕಿದ್ದನ್ನ ನಾನು ಕುಡೀಬೇಕಾ?”

“ಮೂಗಿಕ್ಕದೆ ಕುಡಿಯೋಕೆ ಇದೇನು ಬೋರ್‌ವೆಲ್ ನೀರಾ ಬಾವ? ಬರ್ಗಂಡಿ ಇದು, ಬರ್ಗಂಡಿ!”

“ಯಾವ ಗಂಡಿಯಾದ್ರೂ ಸೈ, ಎಂಜಲು ಎಂಜಲೇ!”

ಹೀಗೆ ಎರಡು ಸಿಂಹಗಳು ಒಂದೇ ಚಾಪೆಯ ಮೇಲೆ ಕುಳಿತು ಗರ್ಜಿಸಿದ ಆ ಘೋರ ಮುಹೂರ್ತವನ್ನು ವರ್ಣಿಸಲು, ಎಲೈ ವಾಗ್ದೇವಿಯೇ, ನನ್ನ ನಾಲಗೆಗೆ ಬಂದು ಕುಳಿತುಕೋ. ಸಭಿಕರೇ, ನೀವು ಬಾಯಿ ಮುಚ್ಚಿ ಕೇಳಿ. ಆಕಳಿಸುವವರು ಈಗಲೇ ಎದ್ದು ಹೋಗಿ. ನಡುವೆ ಎದ್ದರೆ ನಾನು ಸುಮ್ಮನಿರುವವನಲ್ಲ.

ಕಲಿಯುಗದಲ್ಲಿ, ದೇವನಹಳ್ಳಿಯ ಸೀಮೆಯಲ್ಲಿ, ನೀಲಿ ದ್ರಾಕ್ಷಿಯ ಚಪ್ಪರಗಳು ಮುಗಿಲಿಗೆ ಮರೆಯಾಗಿ ಹಬ್ಬಿದ್ದ ಕಾಲದಲ್ಲಿ ಪಟಾಲಪ್ಪನೆಂಬ ವೀರನಿದ್ದನು. ಆತನು ಅರ್ಧಚಪ್ಪರಾಧೀಶ್ವರ, ಗೊಬ್ಬರಗಂಧಪರೀಕ್ಷಾಪ್ರವೀಣ, ನಾಸಿಕಾಗ್ರಗಣ್ಯ. ಐವತ್ತು ವರ್ಷ ಆ ಮೂಗು ಬೂಜು, ಬೇವಿನಹಿಂಡಿ, ಕೊಳೆತ ಗೊಂಚಲುಗಳ ವಾಸನೆ ಹಿಡಿಯುವುದರಲ್ಲೇ ಸವೆದಿತ್ತು. ಆ ವರ್ಷದ ಸುಗ್ಗಿಯ ಕೊನೆಗೆ, ತಾನು ಹಣ್ಣು ಹಾಕುತ್ತಿದ್ದ ವೈನ್ ಕಾರ್ಖಾನೆಯಲ್ಲಿ ಬೆಳೆಗಾರರನ್ನೆಲ್ಲ ಕೂರಿಸಿ ಫ್ರಾನ್ಸ್ ದೇಶದ ಬರ್ಗಂಡಿ ಸೀಮೆಯ ಮೂರು ಬಗೆಯ ವೈನಿನ ರುಚಿ ತೋರಿಸಿದರು. ಮಿಕ್ಕವರು ನುಂಗಿ, ಬಾಯಿ ಒರೆಸಿಕೊಂಡು, ಬಿರಿಯಾನಿ ಎಲ್ಲಿ ಎಂದು ಕೇಳಿದರು. ಪಟಾಲಪ್ಪನು ಮಾತ್ರ ಬಟ್ಟಲಿಗೆ ಮೂಗಿಟ್ಟವನು ತಲೆ ಎತ್ತಲಿಲ್ಲ.

ಅಂದಿನಿಂದ ಅವನಿಗೆ ಅದೇ ಜಪ. ಶಬ್ಲಿ, ಬೋನ್, ಪೊಮಾರ್, ವೊಲ್ನೆ ಎಂದು ಆ ದೇಶದ ಊರುಗಳ ಹೆಸರನ್ನು ಹಸು ಕರೆಯುವಾಗ ಹೇಳುವನು, ಸ್ನಾನಕ್ಕೆ ನೀರು ಸುರಿದುಕೊಳ್ಳುವಾಗ ಹೇಳುವನು. ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಿಲಲ್ಲಿ ಆ ಸೀಮೆಯ ನಕ್ಷೆ ಬರೆದನು. “ಪೊಮಾರ್‌ಗೂ ವೊಲ್ನೆಗೂ ನಡುವೆ ಒಂದು ಬದು ಅಷ್ಟೇ ಕಣೇ! ಬದು ದಾಟಿದ್ರೆ ರುಚಿಯೇ ಬೇರೆ!” ಎಂದು ಹೆಂಡತಿ ಮುನಿರತ್ನಮ್ಮನಿಗೆ ಸಾರಿದನು. “ನಮ್ಮ ಬದುವಿನ ಕಳೆ ಕೀಳೋರು ಯಾರು?” ಎಂದಳು ಆ ಮಹಾತಾಯಿ.

ಇನ್ನು ಎದುರಾಳಿಯ ವಿಚಾರ. ಪಟಾಲಪ್ಪನ ಅಕ್ಕನನ್ನು ಕೈಹಿಡಿದ ಅಪ್ಪಯ್ಯಣ್ಣನು ಊರ್ಧ್ವಧಾರಾಪಾನವಿಶಾರದ, ಓಷ್ಠಸ್ಪರ್ಶವರ್ಜಿತಪಾತ್ರವ್ರತಧುರಂಧರ. ಎಂದರೆ, ಲೋಟಕ್ಕೆ ತುಟಿ ತಾಗಿಸದೆ ಎತ್ತಿ ಕುಡಿಯುವವನು. ನೀರಾಗಲಿ, ಮಜ್ಜಿಗೆಯಾಗಲಿ, ಕುದಿಯುವ ಕಾಫಿಯಾಗಲಿ, ಮೊಳದ ಮೇಲಿಂದ ಗಂಟಲಿಗೆ ಸುರಿದುಕೊಳ್ಳುವನು. ಒಂದು ಹನಿ ಮೀಸೆಗೆ ಬಿದ್ದುದನ್ನು ಕಂಡವರಿಲ್ಲ. ಬೇರೆಯವರು ತುಟಿ ಇಟ್ಟ ಲೋಟವನ್ನು ಮುಟ್ಟುವುದಿರಲಿ, ನೋಡಿದರೂ ಹೋಗಿ ಬಾಯಿ ಮುಕ್ಕಳಿಸುವನು.

ಇಂಥವನ ಗೊಡವೆ ಪಟಾಲಪ್ಪನಿಗೇಕೆ ಬೇಕಿತ್ತು? ಅಲ್ಲಿಯೇ ಇರುವುದು ಸಂಕಟ. ದ್ರಾಕ್ಷಿ ತೋಟವನ್ನು ಪಟಾಲಪ್ಪನ ತಂದೆ ಸಾಯುವ ಮುಂಚೆ ಮಗನಿಗೆ ಅರ್ಧ, ಅಳಿಯನಿಗೆ ಅರ್ಧ ಬರೆದಿದ್ದರು. ನೆಲದ ನಡುವೆ ಬದು ಬಂತು. ಆದರೆ ಮೇಲಿನ ಚಪ್ಪರ ಒಂದೇ, ಕಲ್ಲುಕಂಬಗಳ ತಂತಿ ಒಂದೇ. ಒಬ್ಬನು ತನ್ನ ಭಾಗ ಬಿಚ್ಚಿದರೆ ಇನ್ನೊಬ್ಬನ ಭಾಗ ನೆಲಕ್ಕೆ ಬೀಳುವುದು. ಹಳೆಯ ನೀಲಿ ಬಳ್ಳಿಗಳನ್ನು ಕಿತ್ತು ಬರ್ಗಂಡಿಯ ತಳಿ ನೆಡಬೇಕೆಂಬ ಪಟಾಲಪ್ಪನ ಮಹಾಸಂಕಲ್ಪಕ್ಕೆ ಭಾವನ ಒಂದು ‘ಹೂಂ’ ಬೇಕಿತ್ತು. ಒಂದು ಗುಟುಕು ಕುಡಿದರೆ ಸಾಕು, ಮನುಷ್ಯ ತಾನಾಗಿ ‘ಹೂಂ’ ಅನ್ನುತ್ತಾನೆ ಎಂಬುದು ಅವನ ನಂಬಿಕೆ.

ಆದ್ದರಿಂದ, ಕಾರ್ಖಾನೆಯವರು ಉಡುಗೊರೆ ಕೊಟ್ಟ ಪೊಮಾರ್ ವೈನಿನ ಶೀಸೆಯೊಂದನ್ನೂ ಅದರ ಜೊತೆ ಬಂದಿದ್ದ ಉದ್ದಕಾಲಿನ ಗಾಜಿನ ಬಟ್ಟಲೊಂದನ್ನೂ ಹಿಡಿದು, ಭಾನುವಾರ ಮಧ್ಯಾಹ್ನ ಚಪ್ಪರದಡಿ ಚಾಪೆ ಹಾಸಿ ಭಾವನನ್ನು ಕರೆಸಿದನು. ಭಾವನು ಚಪ್ಪಲಿ ಬಿಟ್ಟು ಕುಳಿತನು. ಪಟಾಲಪ್ಪನು ಬಿರಡೆ ಕಿತ್ತು, ಬಟ್ಟಲಿಗೆ ಬಗ್ಗಿಸಿ, ತಡೆಯಲಾರದೆ ತಾನೇ ಮೊದಲು ಮೂಗಿಟ್ಟನು. ನೀವು ಆರಂಭದಲ್ಲಿ ಕೇಳಿದ ಗರ್ಜನೆ ಹುಟ್ಟಿದ್ದು ಆಗಲೇ.

“ನಂಗೆ ಸ್ಟೀಲ್ ಲೋಟ ಕೊಡು,” ಎಂದನು ಅಪ್ಪಯ್ಯಣ್ಣ.

“ಸ್ಟೀಲ್‌ನಾಗೆ ಪರಿಮಳ ನಿಲ್ಲಲ್ಲ! ಕೇಳಿ ಬಾವ, ಈ ಮೂಗು ಅಂದ್ರೆ ಏನಂದ್ಕೊಂಡಿದ್ದೀರಿ? ಔಷಧಿ ಹೊಡೆದ ತೋಟ ಯಾವುದಂತ ರಸ್ತೇಲಿ ನಿಂತೇ ಹೇಳಿದ ಮೂಗು! ಇದು ಹೇಳ್ತದೆ, ಈ ಬಟ್ಟಲಾಗೆ ನೇರಳೆ ಹಣ್ಣೈತೆ, ಮಳೆ ಬಿದ್ದ ಬಂಡೆ ಐತೆ, ಹಳೇ ತೊಗಲೈತೆ!”

“ತೊಗಲು ಬೇಕಾದ್ರೆ ನನ್ನ ಚಪ್ಪಲಿ ಮೂಸ್ಕೋ! ಕೇಳ್ಲೇ ಪಟಾಲ, ಈ ಗಂಟಲು ಅಂದ್ರೆ ಏನಂದ್ಕೊಂಡೆ? ನನ್ನ ಮದ್ವೇಲಿ ಒಂದು ಚೊಂಬು ಪಾನಕ ನಿಂತ ಕಾಲಲ್ಲೇ ಎತ್ತಿ ಕುಡಿದು ನಿಮ್ಮಪ್ಪನ ಕೈಲಿ ಸೈ ಅನ್ನಿಸ್ಕೊಂಡ ಗಂಟಲು!”

ಮುನಿರತ್ನಮ್ಮ ಬಂದು ಬಟ್ಟಲನ್ನು ಕಿತ್ತುಕೊಂಡು, ಒಳಗಿದ್ದುದನ್ನು ಬಳ್ಳಿಯ ಬುಡಕ್ಕೆ ಚೆಲ್ಲಿ, ತೊಳೆದು ತಂದು ಕೊಟ್ಟಳು. “ಅಣ್ಣ, ಇದು ಮಡಿಯಾಯ್ತು. ಮೊದಲು ನೀವೇ ಕುಡೀರಿ, ಅತ್ಲಾಗೆ ಮುಗೀಲಿ.”

ಪಟಾಲಪ್ಪನ ಎದೆ ಬಿರಿಯಿತು. ಚೆಲ್ಲಿದ್ದು ಪೊಮಾರ್! ಆದರೂ ಹಲ್ಲು ಕಚ್ಚಿ ಮತ್ತೆ ತುಂಬಿದನು.

ಅಪ್ಪಯ್ಯಣ್ಣನು ಪಂಚೆ ಕೊಡವಿ ಎದ್ದುನಿಂತನು. ಮೀಸೆಯನ್ನು ಎರಡೂ ಬದಿಗೆ ಸರಿಸಿ, ಕತ್ತನ್ನು ಹಿಂದಕ್ಕೆ ಬಾಗಿಸಿ, ಆ ಕಿರಿಬಾಯಿಯ, ಗುಡಾಣಹೊಟ್ಟೆಯ, ಕೊಕ್ಕರೆಕಾಲಿನ ಬಟ್ಟಲನ್ನು ಚಪ್ಪರದ ಗೊಂಚಲುಗಳಿಗೆ ತಾಗುವಷ್ಟು ಎತ್ತಿದನು. ಕಾಗೆಗಳು ಕೂಗುವುದನ್ನು ನಿಲ್ಲಿಸಿದವು. ಮಾಣಿಕ್ಯದ ದಾರದಂಥ ಧಾರೆಯೊಂದು ಇಳಿದು, ಹಲ್ಲಿಗೆ ತಾಗದೆ, ನಾಲಗೆಗೆ ಸೋಕದೆ, ಗಂಟಲ ಗುಹೆಯನ್ನು ಹೊಕ್ಕು ಅಂತರ್ಧಾನವಾಯಿತು. ಒಂದು ಹನಿ ಚೆಲ್ಲಲಿಲ್ಲ.

ಪಟಾಲಪ್ಪನ ಮಿಕ್ಕ ಆಯುಷ್ಯವೆಲ್ಲ ಆ ಮೀಸೆಯ ಕೆಳಗಿನಿಂದ ಬರಬೇಕಾದ ಒಂದು ಮಾತಿಗೆ ಜೋತುಬಿದ್ದಿತ್ತು.

“ಹೆಂಗೈತೆ ಬಾವ?”

ಅಪ್ಪಯ್ಯಣ್ಣನು ಸರಿಸಿದ್ದ ಮೀಸೆಯನ್ನು ಮತ್ತೆ ಸ್ವಸ್ಥಾನಕ್ಕೆ ತಂದನು.

“ತಣ್ಣಗೈತೆ.”

ಪಟಾಲಪ್ಪನ ಕಣ್ಣುಗಳು ಕೆಂಡವಾದವು. “ತಣ್ಣಗಾ? ಆ ದೇಶದ ಸನ್ಯಾಸಿಗಳು ತಲೆತಲಾಂತರ ಮಣ್ಣು ನೋಡಿ ದ್ರಾಕ್ಷಿಗೆ ಬದು ಕಟ್ಟಿದ್ದು ತಣ್ಣಗೈತೆ ಅನ್ನಿಸ್ಕೊಳ್ಳೋಕಾ? ನಾಲಗೇಗೆ ತಾಗಿದ್ರೆ ತಾನೆ ನಿನಗೆ ಗೊತ್ತಾಗೋದು! ಚರಂಡಿಗೆ ಸುರಿದಂಗೆ ಸುರ್ಕೊಂಡೆ! ನೋಡು, ಹೆಂಗೆ ಕುಡೀಬೇಕು ನೋಡು!”

ಭಾವನಿಗೆ ‘ನೀನು’ ಎಂದದ್ದು ಅವನಿಗೆ ತಿಳಿಯಲಿಲ್ಲ. ಬಟ್ಟಲನ್ನು ಕಿತ್ತುಕೊಂಡು, ಶೀಸೆಯಿಂದ ಬಗ್ಗಿಸಿ, ಗರಗರನೆ ತಿರುಗಿಸಿ, ಕಿವಿಯ ತನಕ ಮೂಗಿಳಿಸಿ, ಸೊರ್ರೆಂದು ಎಳೆದು, ಎಡಗೆನ್ನೆಯಿಂದ ಬಲಗೆನ್ನೆಗೆ ಅಲೆಯೆಬ್ಬಿಸಿ, ಕಾರ್ಖಾನೆಯಲ್ಲಿ ಬಲ್ಲವರು ಮಾಡಿ ತೋರಿಸಿದಂತೆಯೇ ಕೊನೆಗೆ ಪಿಚ್ಚನೆ ಉಗುಳಿದನು.

ಅದು ಹೋಗಿ ಬದುವಿನ ಆಚೆ, ಅಪ್ಪಯ್ಯಣ್ಣನ ಮೊದಲ ಬಳ್ಳಿಯ ಬುಡಕ್ಕೆ ಬಿತ್ತು.

ಅಪ್ಪಯ್ಯಣ್ಣನು ಒದ್ದೆಯಾದ ಆ ಬುಡವನ್ನು ಬಗ್ಗಿ ನೋಡಿದನು.

“ಕರೆಸಿ ಕೂರಿಸಿ, ನನ್ನ ಮುಖದ ಮುಂದೆ ಉಗುಳ್ದೆ,” ಎಂದನು ಅಪ್ಪಯ್ಯಣ್ಣ. ಅವನ ದನಿ ಏರಲಿಲ್ಲ. ಅದೇ ಭಯಂಕರ. “ನಿಮ್ಮಕ್ಕನ್ನ ಕಟ್ಕೊಂಡು ನಲವತ್ತು ವರ್ಷ. ನಿಮ್ಮಪ್ಪಾನೂ ನನ್ನ ಮುಂದೆ ಎಲೆ ಅಡಿಕೆ ಉಗುಳ್ಲಿಲ್ಲ ಕಣೋ, ನುಂಗ್ತಿದ್ರು.”

“ಅಯ್ಯೋ, ಅದು ಪದ್ಧತಿ ಬಾವ! ಆ ದೇಶದಾಗೆ ದೊಡ್ಡೋರೆಲ್ಲ ಉಗೀತಾರೆ!”

“ಹಂಗಾದ್ರೆ ಅವರ ಅಕ್ಕಂದಿರ ಗಂಡಂದಿರು ಮಾನ ಬಿಟ್ಟೋರು.”

ಹೀಗೆಂದು ಆ ಮಹಾರಥಿಯು ಹೆಗಲ ಟವೆಲ್ ಒದರಿ, ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು, ಕಂಬಗಳ ಸಾಲಿನ ನಡುವೆ ಆನೆಯಂತೆ ನಡೆದು ಹೋದನು. ಹಿಂದಿರುಗಿ ನೋಡಲಿಲ್ಲ.

“ಹೋಗ್ಲಿ ಬಿಡು!” ಎಂದು ಪಟಾಲಪ್ಪನು ವಿಜಯೋನ್ಮತ್ತನಾಗಿ ಮತ್ತೊಂದು ಗುಟುಕು ಬಗ್ಗಿಸಿ ಮೂಗಿಟ್ಟನು. “ನೇರಳೆ,” ಎಂದನು. ಯಾರೂ ಅಲ್ಲವೆನ್ನಲಿಲ್ಲ. “ಒದ್ದೆ ಬಂಡೆ,” ಎಂದನು. ಎದುರಿಗೆ ಖಾಲಿ ಚಾಪೆ. ಮೂರನೆಯ ಸಲ ಮೂಗಿಟ್ಟಾಗ ಅದು ತಣ್ಣಗಿದೆ ಎಂಬುದೊಂದು ಬಿಟ್ಟು ಬೇರೇನೂ ತೋಚಲಿಲ್ಲ. ತಲೆಯ ಮೇಲೆ ಅಪ್ಪ ನೆಟ್ಟ ನೀಲಿ ಬಳ್ಳಿಗಳು, ಕಿತ್ತುಹಾಕುವವರಿಲ್ಲದೆ, ಗಾಳಿಗೆ ಆರಾಮವಾಗಿ ತೂಗಾಡುತ್ತಿದ್ದವು.

ಎದ್ದು ಚಪ್ಪಲಿ ಹುಡುಕಿದನು. ಎಡಗಾಲಿನದು ತನ್ನದೇ, ಹೊಸದು. ಬಲಗಾಲಿನದು ಭಾವನದು, ಹಳೆಯದು, ಉಂಗುಟದ ಬಾರು ಕಿತ್ತದ್ದು.

“ಚಪ್ಪಲಿ ಬದಲಾಗೈತೆ ಕಣೇ,” ಎಂದನು, ಸ್ವಲ್ಪ ಹುರುಪಿನಿಂದ. “ಅದಕ್ಕಾದ್ರೂ ತಿರುಗಿ ಬರ್ತಾರೆ.”

ಮುನಿರತ್ನಮ್ಮ ಆ ಚಪ್ಪಲಿಯನ್ನು ಕಾಲಿನಿಂದ ಮಗುಚಿ ನೋಡಿದಳು. “ಹೊಸಾದು ಸಿಕ್ಕೈತೆ. ಯಾಕೆ ಬರ್ತಾರೆ?”

ಪಟಾಲಪ್ಪನು ಬಟ್ಟಲು ಹಿಡಿದು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕುಳಿತು, ಹೊತ್ತು ಮುಳುಗುವ ತನಕ ಆ ದಾರಿಯನ್ನೇ ನೋಡಿದನು.

ಬರಲಿಲ್ಲ.