ಸಂಜೆವರೆಗೂ ನೋವಿಲ್ಲ

ಅರಿವಳಿಕೆ ಡಾಕ್ಟರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆದರೆ ವಾರ್ಡಿನ ಬಾಗಿಲಲ್ಲಿ ನಿಂತು, ನೆಂಟರಿಷ್ಟರೆಲ್ಲ ಕೇಳುವಷ್ಟು ಜೋರಾಗಿ ಹೇಳಿದ್ದೇ ತಪ್ಪಾಯಿತು.

“ಹೊಟ್ಟೆಯ ನರಗಳಿಗೇ ಇಂಜೆಕ್ಷನ್ ಕೊಟ್ಟಿದೀವಿ. ಬರೀ ಮರಗಟ್ಟಿಸೋ ಔಷಧಿ ಆಗಿದ್ರೆ ಇಷ್ಟೊತ್ತಿಗೆ ಇಳಿದುಹೋಗ್ತಿತ್ತು. ಜೊತೆಗೆ ಇನ್ನೊಂದು ಔಷಧಿ ಸೇರಿಸಿದೀವಿ. ಇವತ್ತು ಸಂಜೆವರೆಗೂ ಇವರಿಗೆ ಏನೂ ನೋವಾಗಲ್ಲ.”

ಬ್ಯಾಂಡಿನಲ್ಲಿ ತುತ್ತೂರಿ ಊದೀ ಊದೀ ಹರ್ನಿಯಾ ತರಿಸಿಕೊಂಡು, ಹಿಂದಿನ ದಿನ ಆಪರೇಷನ್ ಮಾಡಿಸಿಕೊಂಡಿದ್ದ ತುತ್ತೂರಿಯವನು ಹೊಟ್ಟೆಗೆ ಅಗಲವಾದ ಪಟ್ಟಿ ಸುತ್ತಿಸಿಕೊಂಡು ಅಂಗಾತ ಮಲಗಿದ್ದ. ಮದುವೆಯಾದ ಮೇಲೆ ಅವನು ಇಷ್ಟು ಆರಾಮಾಗಿ ಮಲಗಿದ್ದೇ ಇಲ್ಲ.

ಡಾಕ್ಟರು ಅತ್ತ ಹೋಗುತ್ತಲೇ ಭಾವಮೈದ ಮಂಚದ ಅಂಚಿಗೆ ಬಂದು ಕೂತ.

“ಭಾವ, ಈಗ ಏನು ಹೇಳಿದ್ರೂ ನೋವಾಗಲ್ಲ ಅಲ್ವಾ?”

“ನೋವಾಗದೇ ಇರೋದು ಹೊಟ್ಟೆಗೆ ಕಣೋ!”

“ಅದೇ, ಹೊಟ್ಟೆಗೆ ಹಾಕ್ಕೊಂಡುಬಿಡಿ. ನಿಮ್ಮ ಸ್ಕೂಟರ್ ಮೋರಿಲಿದೆ.”

ತುತ್ತೂರಿಯವನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಹೊದಿಕೆ ಸರಿಮಾಡಿದಳು.

“ಅವನು ಹೇಳಿದ್ಮೇಲೆ ನಂದೂ ಹೇಳಿಬಿಡ್ತೀನಿ ಕಣ್ರೀ. ನಮ್ಮಮ್ಮ ನಿಮ್ಮನ್ನ ನೋಡೋಕೆ ಬಂದಿರೋದಲ್ಲ. ಅವರ ಮನೆ ಖಾಲಿ ಮಾಡಿ, ಬೀರು ಸಮೇತ ಬಂದಿದಾರೆ. ಬೀರು ನಿಮ್ಮ ಕೋಣೆಲಿ ಇಟ್ಟಾಯ್ತು.”

ಮಧ್ಯಾಹ್ನದ ಹೊತ್ತಿಗೆ ಬ್ಯಾಂಡಿನ ಡೋಲಿನವನು ಬಂದ. ರೋಗಿಗೆಂದು ತಂದಿದ್ದ ಕಿತ್ತಳೆಯನ್ನು ತಾನೇ ಸುಲಿದು ತಿನ್ನುತ್ತ ಪೀಠಿಕೆ ಹಾಕಿದ.

“ಗುರುವೇ, ಹೋದ ವರ್ಷ ಕತ್ತಲಲ್ಲಿ ನಿನ್ನ ತುತ್ತೂರಿ ಮೇಲೆ ಕೂತುಬಿಟ್ಟಿದ್ದೆ. ಒಳಗೆಲ್ಲೋ ಅಮುಕಿಕೊಂಡಿದೆ.”

“ಹೋದ ವರ್ಷಾನಾ?”

“ಹೂಂ. ಅದಕ್ಕೇ ನೀನು ಅಷ್ಟು ತಿಣುಕಿ ತಿಣುಕಿ ಊದಬೇಕಾಗಿ ಬಂತು. ಹೇಳೋಕೆ ಇಂಥ ಒಳ್ಳೇ ಹೊತ್ತು ಸಿಕ್ಕಿರಲಿಲ್ಲ, ನೋಡು.”

ಹೊಟ್ಟೆ ಸುಮ್ಮನೆ ಬಿದ್ದಿತ್ತು. ಮಿಕ್ಕ ಮೈಯೆಲ್ಲ ಉರಿಯುತ್ತಿತ್ತು. ಅಷ್ಟರಲ್ಲಿ ಕಿಟಕಿಯಾಚೆ ಅವನ ಬಾಡಿಗೆ ಮನೆಯ ಮಾಲೀಕರ ಬೋಳುತಲೆ ಹಾದುಹೋಯಿತು. ಅವರು ಗಂಟಲು ಸರಿಮಾಡಿಕೊಳ್ಳುವುದೂ ಕೇಳಿಸಿತು.

ಇನ್ನು ತಡೆಯಲಾಗದು ಎಂದುಕೊಂಡ ತುತ್ತೂರಿಯವನು ಕಣ್ಣು ಮುಚ್ಚಿ, ಮೂವತ್ತು ವರ್ಷ ಗಾಳಿ ತುಂಬಿ ಪಳಗಿದ್ದ ಎದೆಯಿಂದ ಕೂಗಿದ: “ಅಯ್ಯಯ್ಯೋ! ನೋವು! ಸತ್ತೇ ಹೋದೆ!”

ಪಕ್ಕದ ವಾರ್ಡಿನ ಕೂಸುಗಳೆಲ್ಲ ಎದ್ದು ಅತ್ತವು. “ಪಾಪ, ಇನ್ನೊಂದು ದಿನ ಹೇಳಿದರಾಯ್ತು” ಎನ್ನುತ್ತ ಮಾಲೀಕರು ಮೆಟ್ಟಿಲಿಳಿದರು. ಡೋಲಿನವನು ಉಳಿದ ಕಿತ್ತಳೆ ಜೇಬಿಗಿಳಿಸಿಕೊಂಡು ಜಾಗ ಖಾಲಿ ಮಾಡಿದ. ತುತ್ತೂರಿಯವನಿಗೆ ಊರು ಗೆದ್ದಷ್ಟು ಖುಷಿಯಾಯಿತು.

ಆದರೆ ಹೆಂಡತಿ ಓಡಿಹೋಗಿ ಅರಿವಳಿಕೆ ಡಾಕ್ಟರನ್ನೂ ಆಪರೇಷನ್ ಮಾಡಿದ ಡಾಕ್ಟರನ್ನೂ ಎಳೆದುಕೊಂಡು ಬಂದಳು. ಅರಿವಳಿಕೆಯವರು ಪಟ್ಟಿಯ ಪಕ್ಕದಿಂದ ಇಣುಕುತ್ತಿದ್ದ ಸಣ್ಣ ನಳಿಕೆಗೆ ಸರಸರನೆ ಔಷಧಿ ಏರಿಸಿದರು.

“ಬೇಡ ಡಾಕ್ಟ್ರೇ! ನಂಗೆ ನೋವೇ ಇರಲಿ!”

“ಗಾಬರಿಲಿ ಹಂಗೇ ಮಾತಾಡ್ತಾರೆ. ಔಷಧಿ ಹೀಗೇ ಕೊಡ್ತಾ ಇರ್ತೀವಿ, ಇನ್ನೆರಡು ದಿನ ಚೂರೂ ನೋವಿರಲ್ಲ,” ಎಂದು ಅವರು ಹೊರಟರು.

ಆಪರೇಷನ್ ಮಾಡಿದ ಡಾಕ್ಟರು ಮಾತ್ರ ಹೋಗಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲು ಹಾಕಿ, ಸ್ಟೂಲು ಎಳೆದುಕೊಂಡು ಕೂತರು. ಕನ್ನಡಕ ತೆಗೆದು ಒರೆಸಿದರು.

“ಎರಡು ದಿನ ನೋವಿಲ್ಲ ಅಂದ್ರೆ, ಈಗಲೇ ಹೇಳೋದು ವಾಸಿ. ನಿಮ್ಮ ಹರ್ನಿಯಾ ಇದ್ದದ್ದು ಎಡಗಡೆ, ಅಲ್ವಾ?”

“ಹೌದು.”

“ನಾವು ಬಲಗಡೆ ಹೊಲಿದುಬಿಟ್ಟಿದೀವಿ.”